ಅಕ್ಕಯ್ಯ ಬೇಡವೆಂದ ಪಾಯಸ

ಅಕ್ಕಯ್ಯ ಕೆಲಸ ಬಿಟ್ಟ ಮೇಲೆ ಅವರ ಮೆಷಿನ್ನಿನ ಮುಂದೆ ಈಗ ಬೇರೆ ಹುಡುಗಿ ಕೂರುತ್ತಾಳೆ. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಆದರೆ ಮೆಷಿನ್ನು ಮಾತ್ರ ಅಕ್ಕಯ್ಯನ ಕಾಲದಲ್ಲಿದ್ದ ಹಾಗೆ ಗೋಡೆಗೆ ಮುಖ ಮಾಡಿಯೇ ಇದೆ. ತಿರುಗಿಸಿಕೊಡಲೇ ಎಂದು ಕೇಳಿದರೆ, "ಇರ್ಲಿ ಬುಡಿ ರತ್ನಕ್ಕ, ಇಂಗೇ ಚೆನ್ನಾಗದೆ. ಯಾರ್ ಮಕನೂ ಕಾಣಲ್ಲ" ಎಂದಳು. ಅಕ್ಕಯ್ಯನೂ ಇದೇ ಮಾತು ಹೇಳಿದ್ದರು. ಆಗ ನಾವೆಲ್ಲ ಬಾಯಿಗೆ ಸೆರಗು ಹಿಡಿದು ನಕ್ಕಿದ್ದೆವು.

ಹುಣಸೂರಿನಿಂದ ಎಚ್.ಡಿ. ಕೋಟೆ ಕಡೆಗೆ ಹೋಗುವ ರಸ್ತೆಯಲ್ಲಿ, ಊರು ಮುಗಿಯುವ ಜಾಗದಲ್ಲಿ ನಮ್ಮ ಯೂನಿಟ್ಟಿದೆ. ಶಾಲೆಯ ಮಕ್ಕಳ ಯೂನಿಫಾರಂ ಹೊಲಿಯುತ್ತೇವೆ. ದೊಡ್ಡ ಗಾರ್ಮೆಂಟ್ಸ್ ಅಲ್ಲ; ಒಂದು ಉದ್ದನೆಯ ಹಾಲು, ಒಂದು ಗೋಡೌನು, ಹಿಂದೆ ಒಂದು ಹೊಂಗೆ ಮರ. ನಾನು ಅಲ್ಲಿ ಸೂಪರ್‌ವೈಸರು. ಹೆಸರಿಗೆ ಸೂಪರ್‌ವೈಸರು, ಕೆಲಸ ಮಾತ್ರ ಹತ್ತು ಹೆಣ್ಣುಮಕ್ಕಳ ಮನೆಗೆ ಒಬ್ಬಳೇ ಅತ್ತೆ ಇದ್ದ ಹಾಗೆ. ಇನ್ನೊಬ್ಬರ ವಿಷಯ ತಿಳಿದುಕೊಳ್ಳುವ ಚಪಲ ನನಗೆ ಹುಟ್ಟಿನಿಂದಲೇ ಇತ್ತು. ಈ ಕೆಲಸ ಸಿಕ್ಕ ಮೇಲೆ ಅದಕ್ಕೆ ಸಂಬಳವೂ ಬಂತು ಎಂದು ನನ್ನ ಗಂಡ ಹಾಸ್ಯ ಮಾಡುತ್ತಾರೆ.

ಅಕ್ಕಯ್ಯನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಯಾರಾದರೂ ಹೆಸರು ಹಿಡಿದು ಕೂಗಿದರೆ ಬೆನ್ನಿಗೆ ತಣ್ಣೀರು ಎರಚಿದಂತೆ ಬೆಚ್ಚಿಬೀಳುತ್ತಿದ್ದರು. ಅಂಥವರ ಹೆಸರನ್ನು ಅಚ್ಚು ಹಾಕಿಸಿ ಊರಿಗೆಲ್ಲ ಕೂಗಿ ಹೇಳುವುದು ನನಗೇಕೋ ಸರಿಕಾಣದು. ನನಗಿಂತ ಸಾಕಷ್ಟು ಹಿರಿಯರು. ಪಿರಿಯಾಪಟ್ಟಣದ ಕಡೆಯ ಹಳ್ಳಿಯ ಒಕ್ಕಲು ಮನೆಯವರು. ಗಂಡನ ಮನೆಯಿಂದ ತಿರುಗಿ ಬಂದು ತಮ್ಮನ ಮನೆಯಲ್ಲಿದ್ದರು. ಯೂನಿಟ್ಟಿನಲ್ಲಿ ಎಲ್ಲರಿಗೂ ಅವರು ಅಕ್ಕಯ್ಯ.

ಕೆಲಸ ಕೇಳಿಕೊಂಡು ಬಂದ ದಿನವೇ ಅವರು ನನ್ನ ಕಣ್ಣಿಗೆ ಬಿದ್ದರು. ನಮ್ಮ ಮೇಡಂ, ಅಂದರೆ ಯೂನಿಟ್ಟಿನ ಒಡತಿ, ಎದುರಿನ ಕುರ್ಚಿ ತೋರಿಸಿ "ಕೂತ್ಕೊಳಿ" ಎಂದರು. ಅಕ್ಕಯ್ಯ ಕೂರಲಿಲ್ಲ. ಮೇಡಂ ಮುಖವನ್ನೂ ನೋಡಲಿಲ್ಲ. ತಲೆಯೆತ್ತಿ ಮೇಲೆ ನೋಡುತ್ತ, "ಆ ಟ್ಯೂಬ್‌ಲೈಟು ಗುಯ್ ಅಂತದೆ. ತೆಗ್ಸಿದ್ರೆ ಕೆಲ್ಸ ಮಾಡ್ತೀನಿ" ಎಂದರು. ಕೆಲಸ ಕೇಳಲು ಬಂದವರೇ ಷರತ್ತು ಹಾಕುವುದನ್ನು ನಾನು ಅದೇ ಮೊದಲು ಕಂಡಿದ್ದು. ಇವರು ಹೊರಗೆ ಹೋಗುವುದೇ ಸರಿ ಅಂದುಕೊಂಡೆ. ಮೇಡಂ ಮೈಸೂರಿನವರು, ಓದಿಕೊಂಡವರು, ಸ್ವಲ್ಪ ಹಟಮಾರಿ. ಅವರೂ ತಲೆಯೆತ್ತಿ, ಕಿವಿಗೊಟ್ಟು ಕೇಳಿದರು. "ಹೌದಲ್ಲ ರತ್ನ, ಗುಯ್ ಅಂತಿದೆ" ಎಂದರು. ಟ್ಯೂಬ್‌ಲೈಟು ಹೋಯಿತು, ಬಲ್ಬು ಬಂತು. ಸಂಜೆ ಹೊತ್ತಿಗೆ ನನ್ನನ್ನು ಕಾಡುತ್ತಿದ್ದ ತಲೆನೋವೂ ಅದರ ಜೊತೆಗೇ ಹೋಯಿತು.

ಇಂಥವರ ಬಗ್ಗೆ ಹೇಳುವಾಗ ಏನಾದರೊಂದು ಪವಾಡ ಹೇಳಲೇಬೇಕು ಎಂಬ ರೂಢಿಯಿದೆ. ಕಣ್ಣು ಮುಚ್ಚಿಕೊಂಡು ಹೊಲಿಯುತ್ತಿದ್ದರು, ಮುಟ್ಟಿದರೆ ಸಾಕು ಬಟ್ಟೆಯ ಕುಲಗೋತ್ರ ಹೇಳುತ್ತಿದ್ದರು ಎಂದೆಲ್ಲ. ಅಂಥದ್ದೇನೂ ಇಲ್ಲ. ಅಕ್ಕಯ್ಯನ ಹೊಲಿಗೆ ಸಾಧಾರಣ. ಕಾಲರು ಕೂರಿಸಲು ಕೊಟ್ಟರೆ ಒಂದು ಕಿವಿ ಮೇಲೆ, ಒಂದು ಕಿವಿ ಕೆಳಗೆ. ಲಂಗದ ಅಂಚು, ಚಡ್ಡಿಯ ಪಕ್ಕದ ಹೊಲಿಗೆ, ಇಂಥ ನೇರ ಕೆಲಸದಲ್ಲಿ ಯಾರಿಗೂ ಕಡಿಮೆಯಿಲ್ಲ, ಯಾರಿಗೂ ಹೆಚ್ಚೂ ಇಲ್ಲ. ನಾವೆಲ್ಲ ಹೇಗೋ ಹಾಗೆ. ಸಾಧಾರಣ ಕೆಲಸಗಾರರಿಗೂ ಕೂರಲು ಒಂದು ಜಾಗ ಬೇಕಲ್ಲ.

ನಾವು ಆಡುವ ಮಾತಿನಲ್ಲಿ ಎಷ್ಟೊಂದು ಸುಳ್ಳಿದೆ ಎಂಬುದು ನನಗೆ ಗೊತ್ತಾಗಿದ್ದು ಅವರು ಬಂದ ಮೇಲೆ. "ಅಕ್ಕಯ್ಯ, ಒಂದ್ನಿಮ್ಸ ಬನ್ನಿ" ಎಂದು ಕರೆದರೆ ಬರುತ್ತಿದ್ದರು, ನಾನು ಹೇಳುವುದು ಮುಗಿಯುವ ಮೊದಲೇ ತಿರುಗಿ ಹೋಗಿಬಿಡುತ್ತಿದ್ದರು. ನಿಮಿಷವಾಯಿತಲ್ಲ! ಹೊಸ ಸೀರೆ ಉಟ್ಟುಕೊಂಡು ಹೋಗಿ "ಎಂಗದೆ?" ಎಂದು ಕೇಳಿದೆ. "ಬಣ್ಣ ಚೆನ್ನಾಗದೆ, ನಿಮ್ಗೆ ಒಪ್ಪಲ್ಲ" ಎಂದರು. ಕೋಪ ಬಂತು. ಕನ್ನಡಿಯಲ್ಲಿ ನೋಡಿಕೊಂಡೆ, ಇನ್ನೂ ಕೋಪ ಬಂತು. ಆ ಸೀರೆಯನ್ನು ಆಮೇಲೆ ನನ್ನ ನಾದಿನಿಗೆ ಕೊಟ್ಟೆ. ಅವಳಿಗೆ ಚೆನ್ನಾಗಿಯೇ ಒಪ್ಪಿತು.

ಅವರು ಬಾಯಿ ಬಿಟ್ಟು ಕೇಳುತ್ತಿದ್ದುದು ಒಂದೇ: "ಮೊದ್ಲೇ ಯೋಳಿ." ಅಂಗಿ ಹೊಲಿಯುತ್ತಿರುವಾಗ ನಡುವೆ ಬಂದು, ಅದನ್ನು ಬಿಟ್ಟು ಲಂಗ ಹಿಡಿಯಿರಿ ಎಂದರೆ ಅವರ ಕೈ ನಿಂತುಹೋಗುತ್ತಿತ್ತು. ಸೆರಗಿನ ಅಂಚನ್ನು ಎರಡು ಬೆರಳ ನಡುವೆ ಉಜ್ಜುತ್ತ ಕುಳಿತರೆ ಮುಗಿಯಿತು, ಆ ಹೊತ್ತಿನ ಕೆಲಸ ಮಣ್ಣುಪಾಲು. ಹಿಂದಿನ ದಿನ ಸಂಜೆಯೇ ಹೇಳಿದರೆ ಏನೂ ತೊಂದರೆಯಿಲ್ಲ. ಅವರೊಬ್ಬರಿಗಾಗಿ ಸಂಜೆ ಹೇಳುವುದನ್ನು ರೂಢಿ ಮಾಡಿಕೊಂಡೆ. ಆಮೇಲೆ ಉಳಿದವರೂ "ನಮ್ಗೂ ಮೊದ್ಲೇ ಯೋಳಿ ರತ್ನಕ್ಕ, ನಾವೇನ್ ಪಾಪ ಮಾಡಿದ್ವಾ?" ಎಂದು ಕೇಳತೊಡಗಿದರು.

ಮೇಡಂ ಒಮ್ಮೆ ಉಪಕಾರ ಮಾಡಲು ಹೋಗಿ ಎಡವಟ್ಟು ಮಾಡಿಕೊಂಡರು. ಹಾಲಿನಲ್ಲಿ ಎಲ್ಲರ ಮಾತು, ಮೊಬೈಲಿನ ಹಾಡು. ಅಕ್ಕಯ್ಯ ಕಿವಿಗೆ ಅರಳೆ ತುರುಕಿಕೊಂಡು ಕೂತಿರುವುದನ್ನು ನೋಡಿ, ಗೋಡೌನು ಗುಡಿಸಿ, ಫ್ಯಾನು ಹಾಕಿಸಿ, ಅವರ ಮೆಷಿನ್ನನ್ನು ಅಲ್ಲಿಗೆ ಸಾಗಿಸಿದರು. ರಾಣಿಗೆ ಅರಮನೆ ಕೊಟ್ಟ ಹಾಗೆ. ಒಂದೆರಡು ದಿನ ಕಳೆಯಿತು. ಅಕ್ಕಯ್ಯ ತಮ್ಮ ಸ್ಟೂಲನ್ನು ಕರಕರ ಎಳೆದುಕೊಂಡು ಹಾಲಿಗೆ ವಾಪಸು ಬಂದರು. "ಯಾಕೆ, ಅಲ್ಲಿ ಸದ್ದಿಲ್ವಲ್ಲ?" ಎಂದು ಮೇಡಂ ಕೇಳಿದರು. "ಜನಾನೂ ಇಲ್ಲ" ಎಂದರು ಅಕ್ಕಯ್ಯ.

ಜನ ಬೇಕು, ಆದರೆ ಬೆನ್ನ ಹಿಂದೆ ಬೇಕು. ಮಾತು ಕೇಳಬೇಕು, ಆದರೆ ಉತ್ತರ ಕೊಡುವ ಕಷ್ಟ ಬೇಡ. ಈ ಲೆಕ್ಕ ನನಗೆ ಅರ್ಥವಾಗಲು ಬಹಳ ದಿನ ಬೇಕಾಯಿತು. ಮೆಷಿನ್ನು ಗೋಡೆಗೆ ತಿರುಗಿದ್ದು ಆಗಲೇ. ಹಾಡು ಇಸ್ತ್ರಿ ಮಾಡುವವರ ಮೂಲೆಗೆ ಹೋಯಿತು. ಸಂತೋಷವಾದಾಗ ಅಕ್ಕಯ್ಯ ಎಡಗೈಯನ್ನು ಮಂಡಿಯ ಪಕ್ಕದಲ್ಲಿ ಪಟಪಟ ಆಡಿಸುತ್ತಿದ್ದರು. ಅಂದು ಆ ಕೈ ಸುಮಾರು ಹೊತ್ತು ಆಡುತ್ತಿತ್ತು.

ಇಷ್ಟೆಲ್ಲ ಸರಿಹೋಯಿತಲ್ಲ ಎಂದುಕೊಳ್ಳುವಾಗಲೇ ಪಾಯಸ ಬಂತು.

ನಮ್ಮಲ್ಲಿ ಮಧ್ಯಾಹ್ನದ ಊಟವೆಂದರೆ ಬರೀ ಊಟವಲ್ಲ. ಡಬ್ಬಿ ತೆರೆದ ಕೂಡಲೇ ಪಲ್ಯ ಅತ್ತ, ಉಪ್ಪಿನಕಾಯಿ ಇತ್ತ. ಯಾರ ಮನೆಯಲ್ಲಿ ಏನು ಸಾರು ಎಂಬುದರ ಮೇಲೆ ಆ ಮನೆಯ ಇಡೀ ಸಂಸಾರ ಬಿಚ್ಚಿಕೊಳ್ಳುತ್ತದೆ. ಕೆ.ಆರ್. ನಗರದ ಕಡೆಯವಳ ಹಸಿ ಅವರೇಕಾಳಿನ ಸಾರಿಗೆ ಜಗಳವೇ ಆಗುತ್ತಿತ್ತು. ಎಲ್ಲರೂ ಒಂದೇ ಹಾಲಿನಲ್ಲಿ ಕೂತು ಉಣ್ಣಬೇಕು ಎಂಬುದು ಮೇಡಂ ಹಾಕಿದ ಕಟ್ಟಪ್ಪಣೆ. ಅವರು ಹುಟ್ಟಿ ಬೆಳೆದದ್ದು ಮಡಿ-ಮೈಲಿಗೆಯ ಮನೆಯಲ್ಲಿ. ಅದನ್ನೆಲ್ಲ ಕೊಡವಿಕೊಂಡು ಬಂದವರು. ಅಕ್ಕಯ್ಯ ಬೆಂಚಿನ ಕೊನೆಯಲ್ಲಿ ಗೋಡೆಗೆ ಮುಖ ಮಾಡಿ, ಒಣಗಿದ ಅಕ್ಕಿರೊಟ್ಟಿ ಮತ್ತು ಚಟ್ನಿಪುಡಿ ತಿನ್ನುತ್ತಿದ್ದರು. ದಿನವೂ ಅದೇ. ಮೊದಮೊದಲು ನಾನೂ ಪಲ್ಯ ಕೊಡಲು ಹೋಗಿದ್ದೆ, ಬೇಡ ಎಂದಿದ್ದರು. ಏನೋ ವ್ರತವಿರಬೇಕು ಎಂದುಕೊಂಡು ಸುಮ್ಮನಾಗಿದ್ದೆ.

ಬೊಮ್ಮಿ ಆಗ ಹೊಸಬಳು. ಎಚ್.ಡಿ. ಕೋಟೆಯಿಂದಾಚೆ ಕಾಡಂಚಿನ ಗಿರಿಜನರ ಹಾಡಿಯವಳು. ಹೊಲಿಗೆಯ ತರಬೇತಿ ಪಡೆದು ಬಂದಿದ್ದಳು, ಒಳ್ಳೆಯ ಕೈ. ಹಾಡಿಯಿಂದ ಬಂದವಳೆಂದು ಯಾರಾದರೂ ಒಂದು ಮಾತು ಅಂದರೆ ಎರಡು ಮಾತು ತಿರುಗಿಸಿ ಕೊಡುವ ಹೆಣ್ಣು. ಅವಳ ಮಗಳಿಗೆ ನರ್ಸಿಂಗ್ ಓದಲು ಸೀಟು ಸಿಕ್ಕಿತು. ಆ ಖುಷಿಗೆ ಬೆಳಗ್ಗೆಯೇ ಎದ್ದು ಅಕ್ಕಿ, ಬೆಲ್ಲ, ಕಾಯಿ ಹಾಕಿ ಪಾಯಸ ಮಾಡಿ, ದೊಡ್ಡ ಕ್ಯಾರಿಯರಿನಲ್ಲಿ ತುಂಬಿಕೊಂಡು, ಬಸ್ಸಿನಲ್ಲಿ ಮಡಿಲ ಮೇಲಿಟ್ಟುಕೊಂಡು ತಂದಿದ್ದಳು. ಅವಳು ಮನೆಯಲ್ಲಿ ಮಾಡಿದ್ದನ್ನು ನಮಗೆಲ್ಲ ಹಂಚುವುದು ಅದೇ ಮೊದಲು. ಒಬ್ಬಿಬ್ಬರ ಕಣ್ಣು ಒಬ್ಬಿಬ್ಬರ ಕಡೆ ಹೋದವು, ಇಲ್ಲವೆಂದರೆ ಸುಳ್ಳಾಗುತ್ತದೆ. ಆಮೇಲೆ ಎಲ್ಲರೂ ಡಬ್ಬಿಯ ಮುಚ್ಚಳ ಹಿಡಿದರು.

ಹಿರಿಯರೆಂದು ಬೊಮ್ಮಿ ಮೊದಲು ಹೋದದ್ದು ಅಕ್ಕಯ್ಯನ ಹತ್ತಿರ. "ನನ್ ಮಗ್ಳು ನರ್ಸಮ್ಮ ಆಯ್ತಾಳೆ ಅಕ್ಕಯ್ಯ, ಬಾಯಿ ಸೀ ಮಾಡ್ಕಳಿ" ಎಂದು ಸೌಟು ಬಗ್ಗಿಸಿದಳು. ಅಕ್ಕಯ್ಯ ಡಬ್ಬಿಯ ಮೇಲೆ ಅಂಗೈ ಮುಚ್ಚಿದರು. "ಬ್ಯಾಡ. ನಾನ್ ತಿನ್ನಲ್ಲ." ಸೌಟಿನಿಂದ ಒಂದು ತೊಟ್ಟು ಬೆಂಚಿನ ಮೇಲೆ ಬಿತ್ತು. ಅಕ್ಕಯ್ಯ ಬಟ್ಟೆಯ ತುಂಡು ತೆಗೆದು ಒರೆಸಿದರು. ಮತ್ತೆ ಒರೆಸಿದರು. ಡಬ್ಬಿಯನ್ನು ಆಚೆ ಸರಿಸಿ, ಅದು ಇದ್ದ ಜಾಗವನ್ನೂ ಒರೆಸಿದರು. ಬೊಮ್ಮಿಯ ಸೌಟು ಹಾಗೇ ಗಾಳಿಯಲ್ಲಿತ್ತು.

ಅವಳು ಉಳಿದವರಿಗೆಲ್ಲ ಬಡಿಸಿದಳು. ಮಾರನೆಯ ದಿನದಿಂದ ತನ್ನ ಡಬ್ಬಿ ತೆಗೆದುಕೊಂಡು ಹೊರಗೆ ಹೊಂಗೆ ಮರದ ಕೆಳಗೆ ಕೂತಳು. ಮೂರ್ನಾಲ್ಕು ಜನ ಅವಳ ಹಿಂದೆ ಹೋದರು. ಸುದ್ದಿ ಮೇಡಂ ಕಿವಿಗೆ ಬಿತ್ತು. ಅವರು ನನ್ನನ್ನು ಒಳಗೆ ಕರೆದು, "ನೋಡು ರತ್ನ, ಜಾತಿ ಮಾಡೋರಿಗೆ ಈ ಯೂನಿಟ್ಟಲ್ಲಿ ಜಾಗ ಇಲ್ಲ. ಅವರು ಎಷ್ಟೇ ಪಾಪದವರಿರಲಿ. ವಿಚಾರಿಸು. ನಿಜ ಅಂತಾದ್ರೆ ಸೋಮವಾರದಿಂದ ಬರೋದು ಬೇಡ ಅಂತ ನೀನೇ ಹೇಳು" ಎಂದರು. ಮೇಡಂ ಹೇಳಿದ್ದು ಸರಿಯಾಗಿಯೇ ಇತ್ತು. ಆದರೂ ನನಗೆ ಅದು ಬಿಸಿತುಪ್ಪವಾಯಿತು, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ನನ್ನ ತಲೆಯೊಳಗೆ ಒಂದು ಹುಳ ಕೊರೆಯುತ್ತಿತ್ತು. ನನ್ನ ಪಲ್ಯ ಬೇಡವೆಂದಾಗ ಅದು ವ್ರತ, ಬೊಮ್ಮಿಯ ಪಾಯಸ ಬೇಡವೆಂದರೆ ಜಾತಿಯೇ?

ಭಾನುವಾರ ಬಸ್ಸು ಹತ್ತಿ ಅವರ ಹಳ್ಳಿಗೆ ಹೋದೆ. ತಂಬಾಕಿನ ಸೊಪ್ಪು ಹದ ಮಾಡುವ ಬ್ಯಾರನ್ನಿನ ಪಕ್ಕದಲ್ಲೇ ಮನೆ. ಅಕ್ಕಯ್ಯ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದರು. ಅವರ ತಮ್ಮನ ಹೆಂಡತಿ ಕಾಫಿ ಕೊಟ್ಟು, ನಾನು ಬಂದ ಕಾರಣ ಕೇಳಿ, ತಲೆ ತಲೆ ಚಚ್ಚಿಕೊಂಡಳು.

"ಅಯ್ಯೋ ಜಾತಿಯೂ ಇಲ್ಲ, ಗೀತಿಯೂ ಇಲ್ಲ ಕಣಕ್ಕ. ನಾನ್ ಈ ಮನೆಗ್ ಬಂದಾಗಿಂದ ನನ್ ಕೈ ಅಡ್ಗೇನ ಒಂದಿನ ಬಾಯ್ಗಿಕ್ಕಿಲ್ಲ. ತನ್ ರೊಟ್ಟಿ ತಾನೇ ತಟ್ಕಬೇಕು. ಅವ್ರವ್ವ ಇದ್ದಾಗ್ಲೂ ಅಂಗೇಯಂತೆ, ಮುದ್ದೆಗೆ ಸಾರು ತಾಕಿದ್ರೆ ಎದ್ದೋಗರು. ಮೊದಮೊದ್ಲು ನಾನೂ ಅತ್ತಿದ್ದೆ."

"ಗಂಡನ ಮನೇಲಿ?"

ಅವಳು ಹಿತ್ತಲ ಕಡೆ ನೋಡಿ ದನಿ ತಗ್ಗಿಸಿದಳು. "ಅಲ್ಲೇ ಅಲ್ವಾ ಎಡವಟ್ಟಾಗಿದ್ದು. ಅತ್ತೆ ಬಡಿಸಿದ್ದ ತಿನ್ನಲ್ಲ, ತಟ್ಟೆ ತಳ್ತಾರೆ ಅಂದ್ರೆ ಅವ್ರು ಏನಂದ್ಕಂಡಾರು? ಮದ್ದು ಇಕ್ತಾರೆ ಅಂತ ನಮ್ ಮ್ಯಾಲೆ ಅನ್ಮಾನ ಪಡ್ತಾಳೆ ಅಂದ್ರು. ಮದ್ದಿಕ್ಕೋ ಮನೆ ಅಂತ ಊರೆಲ್ಲಾ ಎಸ್ರು ಕೆಟ್ರೆ ನಮ್ ಎಣ್ಮಕ್ಳನ್ನ ಯಾರ್ ತಕತಾರೆ ಅಂತ ತಂದು ಬುಟ್ಟೋದ್ರು."

ನಮ್ಮ ಕಡೆ ಊಟದಲ್ಲಿ ಮದ್ದು ಬೆರೆಸಿ ವಶ ಮಾಡಿಕೊಳ್ಳುತ್ತಾರೆ, ಮೈ ಸೊರಗಿಸುತ್ತಾರೆ ಎಂಬ ಭಯ ಇವತ್ತಿಗೂ ಹೋಗಿಲ್ಲ. ಮದ್ದು ತೆಗೆಯುವವರ ಮನೆ ಮುಂದೆ ಕಾರು ನಿಲ್ಲುತ್ತವೆ. ಆ ಅತ್ತೆಯ ಮೇಲೂ ನನಗೆ ಕೋಪ ಬರಲಿಲ್ಲ. ಸೊಸೆ ತನ್ನ ಅನ್ನ ಮುಟ್ಟಲಿಲ್ಲವೆಂದರೆ ನಮ್ಮ ಕಡೆಯ ಹೆಂಗಸಿಗೆ ಹೊಳೆಯುವುದು ಅದೇ.

"ಎಲ್ಡು ಕಡೆ ಕೆಲ್ಸಕ್ ಓಗಿ ಬುಟ್ರು" ಎಂದಳು ಅವಳು, ನನ್ನ ಕೈ ಹಿಡಿದುಕೊಂಡು. "ಬುಟ್ಟಾಗೆಲ್ಲ ಆ ಕ್ವಾಣೆ ಸೇರ್ಕಂಡು ತಿಂಗಳಾನುಗಟ್ಲೆ ಈಚ್ಗೇ ಬರ್ನಿಲ್ಲ. ನಿಮ್ಮಲ್ಲಿಗೆ ಬಂದ್ಮ್ಯಾಲೆ ಒತ್ತಾರೆ ಎದ್ದು ತಲೆ ಬಾಚ್ಕಳದು ನೋಡ್ದೆ ಕಣಕ್ಕ. ಈ ಕೆಲ್ಸಾನೂ ಓಯ್ತು ಅಂದ್ರೆ ಇನ್ನು ಅವ್ರು ಈಚೆ ಬರಲ್ಲ."

ಬಸ್‌ಸ್ಟಾಪಿನವರೆಗೆ ಅಕ್ಕಯ್ಯ ನನ್ನ ಜೊತೆ ಬಂದರು. ನನಗೆ ಸುತ್ತಿ ಬಳಸಿ ಕೇಳಿ ಅಭ್ಯಾಸ; ಅವರ ಹತ್ತಿರ ಅದು ನಡೆಯುವುದಿಲ್ಲ. ನೇರವಾಗಿಯೇ ಹೇಳಿದೆ. "ಅಕ್ಕಯ್ಯ, ಬೊಮ್ಮಿಗೆ ನೋವಾಗದೆ."

"ಯಾಕೆ?"

"ನೀವು ಪಾಯ್ಸ ತಿನ್ನಿಲ್ವಲ್ಲ."

"ನಾನ್ ಯಾರ್ದೂ ತಿನ್ನಲ್ಲ."

"ಅದು ಅವ್ಳಿಗೆ ಎಂಗ್ ಗೊತ್ತಾಗ್ಬೇಕು?"

"ಕೇಳಿದ್ರೆ ಯೋಳ್ತಿದ್ದೆ."

ನಿಜ. ಯಾರೂ ಕೇಳಿರಲಿಲ್ಲ. ತಿಂದರೆ ಏನಾಗುತ್ತದೆ ಎಂದು ನಾನು ಅಂದು ಕೇಳಿದೆ. ಸೆರಗಿನ ಅಂಚು ಉಜ್ಜುತ್ತ ತುಂಬ ಹೊತ್ತು ನಡೆದರು. "ಮೆತ್ಗಿರದು ಬಾಯ್ಗ್ ಬಂದ್ರೆ ಹುಳ ಆಡ್ದಂಗಾಯ್ತದೆ. ಕೈಗ್ ತಾಕಿದ್ರೂ ಅಂಗೇಯ. ಒರ್ಸೊಗಂಟ ಓಗಲ್ಲ" ಎಂದರು. ಬೊಮ್ಮಿ ಅದನ್ನು ಜಾತಿ ಎಂದುಕೊಂಡಿದ್ದಾಳೆ ಎಂದೆ. ಅಕ್ಕಯ್ಯ ನಿಂತುಬಿಟ್ಟರು. ರಸ್ತೆಯನ್ನೇ ನೋಡುತ್ತ ಅಂದರು: "ಅಲ್ಲಿ ಮದ್ದು ಅಂದ್ರು. ಇಲ್ಲಿ ಜಾತಿ ಅಂತಾರೆ. ನನ್ ಬಾಯ್ಗಾಗಲ್ಲ ಅಂತ ಯಾಕ್ ಯಾರೂ ಅಂದ್ಕಳಲ್ಲ?"

ಬಸ್ಸು ಬಂದದ್ದು ಒಳ್ಳೆಯದಾಯಿತು.

ಸೋಮವಾರ ಮೇಡಂ ಮುಂದೆ, ಬೊಮ್ಮಿಯನ್ನೂ ಕೂರಿಸಿಕೊಂಡು, ಕಂಡದ್ದನ್ನೆಲ್ಲ ಹೇಳಿದೆ. ಗೆದ್ದೆ ಎಂದುಕೊಂಡಿದ್ದೆ. ಮೇಡಂ ಕಣ್ಣಲ್ಲಿ ನೀರು. ಬೊಮ್ಮಿ ಮಾತ್ರ ಕಲ್ಲಿನಂತೆ ಕೂತಿದ್ದಳು.

"ರತ್ನಕ್ಕ, ನಮ್ಮನೇದು ಮುಟ್ದೇ ಇರೋರೆಲ್ಲ ಬರೀ ಕೈಲಿ ಬರಲ್ಲ. ಒಂದ್ ಕಾರ್ಣ ಇಟ್ಕಂಡೇ ಬತ್ತಾರೆ. ಒಬ್ರಿಗೆ ಉಪಾಸ, ಒಬ್ರಿಗೆ ಒಟ್ಟೆ ಸರಿ ಇಲ್ಲ, ಒಬ್ರು ಈಗ್ತಾನೆ ಉಂಡ್ ಬಂದವ್ರೆ. ಸಣ್ಣೋಳಾಗಿದ್ದಾಗಿಂದ ಕೇಳಿವ್ನಿ. ಇದೂ ಒಂದ್ ಒಸ ಕಾರ್ಣ ಅಂತ ನಾನ್ಯಾಕ್ ಅಂದ್ಕಬಾರ್ದು?"

ಮೇಡಂ ಕಣ್ಣೊರೆಸಿಕೊಂಡರು. ಅವಳೇ ಮುಂದೆ ಹೇಳಿದಳು: "ನಿಮ್ ಪಲ್ಯ ಬ್ಯಾಡ ಅಂದಾಗ ಬೆಂಚು ಒರ್ಸಿದ್ರಾ? ಇಲ್ವಲ್ಲ? ಮೇಡಂ, ನೀವ್ ನಿಮ್ಮನೆಯಿಂದ ಪಾಯ್ಸ ಮಾಡ್ಕ ಬನ್ನಿ. ನನ್ನಂಗೇ ಕೊಡಿ. ನನ್ನಂಗೇ ಒಂದ್ ತೊಟ್ಟು ಚೆಲ್ಲಿ. ನೋಡವ."

ಮೇಡಂ ಒಪ್ಪಿದರು. ಮಾರನೆಯ ದಿನ ಬಂತು ನೋಡಿ, ಶಾವಿಗೆ ಪಾಯಸ! ತುಪ್ಪದಲ್ಲಿ ಹುರಿದ ಗೋಡಂಬಿ, ದ್ರಾಕ್ಷಿ, ಏಲಕ್ಕಿ. ವಾಸನೆಗೆ ಇಸ್ತ್ರಿಯ ಮೂಲೆಯವರೂ ಎದ್ದು ಬಂದರು. ಬೊಮ್ಮಿ ಹೊಂಗೆ ಮರದಿಂದ ಎದ್ದು ಬಂದು ಬಾಗಿಲಿಗೆ ಒರಗಿ ನಿಂತಳು. ಮೇಡಂ ಅಕ್ಕಯ್ಯನ ಹತ್ತಿರ ಹೋಗಿ ಸೌಟು ಬಗ್ಗಿಸಿದರು. ಅಂಗೈ ಡಬ್ಬಿಯ ಮೇಲೆ ಬಂತು. "ಬ್ಯಾಡ. ನಾನ್ ತಿನ್ನಲ್ಲ." ಅದೇ ಮಾತು, ಅದೇ ದನಿ. ಮೇಡಂ ಒಂದು ತೊಟ್ಟು ಬೀಳಿಸಿದರು. ಅಕ್ಕಯ್ಯ ಒರೆಸಿದರು, ಮತ್ತೆ ಒರೆಸಿದರು, ಡಬ್ಬಿ ಸರಿಸಿ ಅದರ ಜಾಗವನ್ನೂ ಒರೆಸಿದರು. ತುಪ್ಪದ ಜಿಡ್ಡಿಗೋ ಏನೋ, ಎದ್ದು ಹೋಗಿ ಬಟ್ಟೆಯನ್ನು ನಲ್ಲಿಯಲ್ಲಿ ತೊಳೆದುಕೊಂಡೂ ಬಂದರು.

ನಾನು ನೋಡುತ್ತಿದ್ದುದು ಮೇಡಂ ಮುಖವನ್ನು. ಅವರಿಗೆ ಎಲ್ಲವೂ ಮೊದಲೇ ಗೊತ್ತಿತ್ತು, ಪರೀಕ್ಷೆ ಎಂದೂ ಗೊತ್ತಿತ್ತು. ಆದರೂ ಆ ಮುಖ ಕೆಂಪೇರಿತು. ನಮ್ಮ ಮನೆಯದನ್ನು ಒರೆಸಿ ಹಾಕಿದರಲ್ಲ ಎಂಬ ಅವಮಾನ ಅಲ್ಲಿ ಕಣ್ಣಿಗೆ ಕಟ್ಟಿದ ಹಾಗೆ ಕಾಣುತ್ತಿತ್ತು. ಬಾಗಿಲಲ್ಲಿದ್ದ ಬೊಮ್ಮಿಗೂ ಕಂಡಿತು. ಮೊದಲು ಅವಳ ಭುಜ ಅಲುಗಿತು, ಆಮೇಲೆ ನಗು ಬಂತು, ಆಮೇಲೆ ತಡೆಯಲಾರದೆ ಬಾಗಿಲು ಹಿಡಿದುಕೊಂಡು ನಕ್ಕಳು. "ಎಂಗಾಯ್ತದೆ ಅಂತ ಗೊತ್ತಾಯ್ತಾ ಮೇಡಂ?" ಎಂದಳು. ಮೇಡಂ ಕೂಡ ಕೊನೆಗೆ ನಕ್ಕರು, ಸ್ವಲ್ಪ ಕಷ್ಟಪಟ್ಟು.

ನಗದೆ ಇದ್ದವರು ಅಕ್ಕಯ್ಯ ಒಬ್ಬರೇ. "ತಿನ್ನಲ್ಲ ಅಂತ ಗೊತ್ತಿದ್ದೂ ಯಾಕ್ ತಂದ್ರಿ?" ಎಂದು ಕೇಳಿದರು.

"ನಾನೇ ಅಕ್ಕಯ್ಯ ತರ್ಸಿದ್ದು" ಎಂದಳು ಬೊಮ್ಮಿ. "ನಿಮ್ ಮ್ಯಾಲೆ ಅನ್ಮಾನ ಇತ್ತು."

"ಈಗ?"

"ಅರ್ಧ ಓಯ್ತು."

"ಇನ್ನರ್ಧ?"

ಬೊಮ್ಮಿ ಮತ್ತೆ ಹೊಂಗೆ ಮರದ ಕಡೆ ಹೋದಳು. ಮರುದಿನದಿಂದ ಡಬ್ಬಿ ತೆಗೆದುಕೊಂಡು ಹಾಲಿನೊಳಗೆ ಬಂದಳು, ಆದರೆ ಅಕ್ಕಯ್ಯ ಕೂರುವ ಬೆಂಚಿನಿಂದ ದೂರವೇ ಕೂತಳು. ಅಕ್ಕಯ್ಯನ ಕೆಲಸ ಉಳಿಯಿತು. ಇವರಿಬ್ಬರ ನಡುವಿನ ಬೆಂಚು ಮಾತ್ರ ಖಾಲಿಯಿತ್ತು, ಅದನ್ನು ಸರಿಮಾಡುವುದು ಮೇಡಂ ಕೈಯಲ್ಲೂ ಇರಲಿಲ್ಲ, ನನ್ನ ಕೈಯಲ್ಲೂ ಇರಲಿಲ್ಲ.

ಈಚೆಗೆ, ವಯಸ್ಸಾಗಿ ಅಕ್ಕಯ್ಯ ಕೆಲಸ ಬಿಟ್ಟ ಮೇಲೆ, ಮೈಸೂರಿನಿಂದ ಒಬ್ಬ ಹೆಣ್ಣುಮಗಳು ಬಂದು ನಮಗೆಲ್ಲ ಪಾಠ ಮಾಡಿದಳು. ಕೆಲವರ ಮಿದುಳು ಸದ್ದು, ಬೆಳಕು, ರುಚಿ, ಮಾತು ಎಲ್ಲವನ್ನೂ ಬೇರೆಯದೇ ರೀತಿಯಲ್ಲಿ ತೆಗೆದುಕೊಳ್ಳುತ್ತದಂತೆ. ಆಟಿಸಂ ಎಂಬ ಹೆಸರು ಹೇಳಿದಳು. ಅಂಥವರಿಗೆ ಕೆಲಸದ ಜಾಗದಲ್ಲಿ ಏನೇನು ಅನುಕೂಲ ಮಾಡಿಕೊಡಬೇಕು ಎಂದು ವಿವರಿಸಿದಳು. ಕೇಳುತ್ತ ಕೇಳುತ್ತ ನಾನು ಬೊಮ್ಮಿಯ ಪಕ್ಕೆಗೆ ತಿವಿದೆ, ಅವಳು ನನಗೆ ತಿವಿದಳು. ಆ ಹೆಸರು ನಮ್ಮ ಅಕ್ಕಯ್ಯನಿಗೆ ಹೊಂದುತ್ತದೆಯೋ ಇಲ್ಲವೋ, ನಾನು ಡಾಕ್ಟರಲ್ಲ. ಆ ಹೆಣ್ಣುಮಗಳು ಬೆಳಕಿನ ಬಗ್ಗೆ ಹೇಳಿದಳು, ಸದ್ದಿನ ಬಗ್ಗೆ ಹೇಳಿದಳು, ಮೊದಲೇ ತಿಳಿಸಬೇಕು ಎಂದೂ ಹೇಳಿದಳು. ಎಲ್ಲ ಸರಿ. ಆದರೆ ಬೇಡ ಎಂದವರ ಕಷ್ಟ ಒಂದಾದರೆ ಬೇಡ ಅನ್ನಿಸಿಕೊಂಡವರ ಕಷ್ಟ ಇನ್ನೊಂದು. ಅದಕ್ಕೆ ಏನು ಮಾಡಬೇಕು ಎಂಬುದು ಅವಳ ಪಾಠದಲ್ಲಿ ಇರಲಿಲ್ಲ. ನಮ್ಮಲ್ಲಿ ಅದು ಹೇಗೆ ನಡೆಯಿತು ಎಂದು ಹೇಳಿ ಮುಗಿಸುತ್ತೇನೆ.

ಆ ಪಾಯಸದ ಗಲಾಟೆಯ ನಂತರದ ಬೇಸಿಗೆಯಲ್ಲೇ ಬೊಮ್ಮಿಯ ಮಗನ ಮದುವೆ ಹಾಡಿಯಲ್ಲೇ ಗೊತ್ತಾಯಿತು. ಎಲ್ಲರನ್ನೂ ಕರೆದಳು. ಅಕ್ಕಯ್ಯನಿಗೂ, ಬಿಟ್ಟರೆ ಚೆನ್ನಾಗಿರುವುದಿಲ್ಲವೆಂದು, ದೂರದಿಂದಲೇ "ನೀವೂ ಬನ್ನಿ" ಎಂದಳು. ಅಕ್ಕಯ್ಯ ಮೆಷಿನ್ನು ನಿಲ್ಲಿಸಿ ತಿರುಗಿದರು.

"ಯಾವ ಬಸ್ಸು?"

ಬೊಮ್ಮಿ ಹೇಳಿದಳು.

"ಇಳ್ದು ಎಷ್ಟ್ ದೂರ ನಡೀಬೇಕು? ತಮಟೆ ಬಡೀತಾರಾ? ಎಷ್ಟೊತ್ತು? ನಾನ್ ಎಲ್ಲಿ ಕೂರದು?"

ಬಾರದಿರಲು ನೆಪ ಹುಡುಕುತ್ತಿದ್ದಾರೆ ಎಂದುಕೊಂಡಳೋ ಏನೋ, ಬೊಮ್ಮಿಯ ಹುಬ್ಬು ಗಂಟಾಯಿತು. ಆದರೆ ಅಕ್ಕಯ್ಯ ಕಾಯುತ್ತಲೇ ಇದ್ದರು. ಬೊಮ್ಮಿ ನಿಧಾನವಾಗಿ ಬಂದು, ಅವರ ಪಕ್ಕದ ಸ್ಟೂಲಿನಲ್ಲಿ ಕೂತಳು. "ತಮಟೆ ಧಾರೆಗಂಟ ಬಡೀತಾರೆ ಅಕ್ಕಯ್ಯ. ಊಟದೊತ್ಗೆ ನಿಲ್ಲಿಸ್ತಾರೆ. ನೀವ್ ಊಟದೊತ್ಗೇ ಬನ್ನಿ. ಚಪ್ರದ ಕಂಬದ ಪಕ್ಕ ಜಾಗ ಇಡಿಸ್ತೀನಿ, ಒಂದ್ ಕಡೆ ಯಾರೂ ತಾಕಲ್ಲ" ಎಂದಳು.

ಮದುವೆಯ ದಿನ ನಾನು ಅಕ್ಕಯ್ಯನ ಜೊತೆಯಲ್ಲೇ ಹೋದೆ. ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಕ್ಕಯ್ಯ ಕಿವಿಗೆ ಅರಳೆ ತುಂಬಿಕೊಂಡು, ಕಣ್ಣು ಮುಚ್ಚಿ, ಸೆರಗು ಉಜ್ಜಿ ಉಜ್ಜಿ ಅದರ ಅಂಚಿನ ಎಳೆ ಬಿಚ್ಚುವ ಹಾಗೆ ಮಾಡಿದ್ದರು. ಇಳಿದಾಗ ಮುಖ ಬಿಳಿಚಿಕೊಂಡಿತ್ತು. ಹಿಂದಿರುಗೋಣವೇ ಎಂದೆ. ಬೇಡವೆಂದು ತಲೆಯಾಡಿಸಿ ಮುಂದೆ ನಡೆದರು.

ಹಾಡಿಯಲ್ಲಿ ಹಸಿರು ಚಪ್ಪರ. ಸುತ್ತಲ ಹಳ್ಳಿಗಳ ಜಮೀನಿನವರು ಒಂದಿಷ್ಟು ಜನ ಬಂದಿದ್ದರು; ಬೊಮ್ಮಿಯ ಮನೆಯವರು ಕೂಲಿಗೆ ಹೋಗುತ್ತಿದ್ದುದು ಅವರ ಹೊಲಗಳಿಗೇ. ಅವರು ಚಪ್ಪರದ ಹೊರಗೇ ನಿಂತು ಮುಯ್ಯಿ ಕೊಟ್ಟು, "ಇವತ್ತು ಒಪ್ಪೊತ್ತು ಕಣಮ್ಮ", "ಬಿಸ್ಲಿಗೆ ಒಟ್ಟೆ ಸರಿ ಇಲ್ಲ" ಎನ್ನುತ್ತ ಒಬ್ಬೊಬ್ಬರಾಗಿ ಬೈಕು ಹತ್ತುತ್ತಿದ್ದರು. ಬೊಮ್ಮಿ ಕೈಮುಗಿದು ಕಳಿಸುತ್ತಿದ್ದಳು. ಅವಳು ಹೇಳಿದ್ದ ಕಾರಣಗಳನ್ನು ಅವತ್ತು ನನ್ನ ಕಿವಿಯಿಂದಲೇ ಕೇಳಿದೆ.

ನೆಲದ ಮೇಲೆ ಉದ್ದಕ್ಕೆ ಚಾಪೆ, ಮುಂದೆ ಮುತ್ತುಗದ ಎಲೆ. ಅಕ್ಕಯ್ಯ ಆ ನಿಂತವರ ನಡುವೆಯೇ ದಾರಿ ಮಾಡಿಕೊಂಡು ಒಳಗೆ ಬಂದು, ಕಂಬದ ಪಕ್ಕದ ಜಾಗದಲ್ಲಿ ಚಕ್ಕಂಬಕ್ಕಳ ಹಾಕಿ ಕೂತರು. ಇನ್ನೊಂದು ಪಕ್ಕಕ್ಕೆ ಬೊಮ್ಮಿಯ ಅತ್ತೆ ಇದ್ದಳು. ಅವಳ ಮಂಡಿ ಇವರ ಮಂಡಿಗೆ ತಾಗುತ್ತಿತ್ತು. ಅಕ್ಕಯ್ಯ ಮೈ ಬಿಗಿಹಿಡಿದಿದ್ದರು, ಸರಿಯಲಿಲ್ಲ. ಚೀಲದಿಂದ ತಮ್ಮ ಡಬ್ಬಿ ತೆಗೆದರು, ಮುಂದಿದ್ದ ಎಲೆಯ ಮೇಲೆ ರೊಟ್ಟಿ ಹಾಕಿಕೊಂಡರು, ಪಕ್ಕದಲ್ಲಿ ಚಟ್ನಿಪುಡಿ.

ಅನ್ನದ ಪುಟ್ಟಿ ಹಿಡಿದು ಬಡಿಸುತ್ತ ಬಂದ ಹಾಡಿಯ ಮುದುಕಿಯೊಬ್ಬಳು ಆ ಎಲೆಯ ಮುಂದೆ ನಿಂತಳು. ರೊಟ್ಟಿ ನೋಡಿದಳು, ಅಕ್ಕಯ್ಯನನ್ನು ನೋಡಿದಳು. ಸಾಲಿನಲ್ಲಿದ್ದವರ ಕೈ ನಿಂತಿತು. "ಯಾಕವ್ವ, ನಮ್ಮನೇದು ಆಗಲ್ವಾ?" ಎಂದಳು.

ನಾನು ಬಾಯಿ ತೆರೆಯುವಷ್ಟರಲ್ಲಿ, ಚಪ್ಪರದ ಬಾಗಿಲಿನಿಂದ ಬೊಮ್ಮಿ ಕೂಗಿ ಹೇಳಿದಳು. ಬೈಕು ಹತ್ತುತ್ತಿದ್ದವರಿಗೂ ಕೇಳಿಸಿರಬೇಕು.

"ಅವ್ರಿಗೆ ಬಡಿಸ್ಬ್ಯಾಡ ಅಜ್ಜಿ. ಅವ್ರು ತಿನ್ನಕ್ ಬಂದಿಲ್ಲ, ನಮ್ ಜೊತೆ ಕೂರಕ್ ಬಂದವ್ರೆ."